ರುಚಿ ನೋಡದ ಶೀರಾ

ಮುಂಬೈ ಪಕ್ಕದ ಕಲ್ಯಾಣ ಸ್ಟೇಷನ್ನಿನ ಹತ್ತಿರದ ಹೋಟೆಲೊಂದರಲ್ಲಿ ಬೂಬಣ್ಣ ಇಪ್ಪತ್ತು ವರ್ಷದಿಂದ ರವೆಯ ಶೀರಾ ಮಾಡುತ್ತಿದ್ದರು. ಪ್ರತಿ ಬಾಣಲೆಯ ಮೊದಲ ಚಮಚ ತಾವೇ ತಿಂದು ನೋಡುವುದು ಅವರ ಪದ್ಧತಿ. ದಿನಕ್ಕೆ ಐದು ಬಾಣಲೆ. 2006ರಲ್ಲಿ ಡಾಕ್ಟರು ಶುಗರ್ ಇದೆ, ಸಿಹಿ ಮುಟ್ಟಬೇಡಿ ಎಂದರು.

ಮರುದಿನ ರುಚಿ ನೋಡದೆ ಮಾಡಿದರು. ಸಕ್ಕರೆ ಹಾಕಲು ಕೈ ಹೆದರಿತು, ಶೀರಾ ಸಪ್ಪೆಯಾಯಿತು. "ಬೂಬಣ್ಣ, ಇದು ಉಪ್ಪಿಟ್ಟಾ?" ಎಂದು ಹೋಟೆಲಿನ ಯಜಮಾನ ಶೆಟ್ಟರು ಗಿರಾಕಿಗಳ ಎದುರೇ ಕೇಳಿದರು.

ಮನೆಗೆ ಬಂದು ಹೆಂಡತಿ ಸುಂದರಿಗೆ ಹೇಳಿದರು: "ನಾಳೆಯಿಂದ ಒಂದು ಚಮಚ ತಿನ್ನುದೇ. ಇಲ್ಲದಿದ್ರೆ ಕೆಲಸ ಹೋಗ್ತದೆ."

"ಒಂದಲ್ಲ, ಐದು," ಎಂದಳು ಸುಂದರಿ. "ಇಪ್ಪತ್ತು ವರ್ಷ ಸಕ್ಕರೆ ಹಾಕಿದ ಕೈ ನಿಮ್ದು. ಅದಕ್ಕೆ ಅಳತೆ ಗೊತ್ತುಂಟು ಮಾರಾಯ್ರೆ. ನಿಮಗೇ ಧೈರ್ಯ ಇಲ್ಲ."

ಬೆಳಿಗ್ಗೆ ಬೂಬಣ್ಣ ಅವಳು ಕಟ್ಟಿಕೊಟ್ಟ ಜೋಳದ ಭಾಕ್ರಿ, ಮೆಂತೆ ಸೊಪ್ಪಿನ ಪಲ್ಯ ಹಿಡಿದು ಹೋದರು. ಸಂಜೆ ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ಹೇಳಿದರು: "ಶೆಟ್ರು ಎರಡು ಪ್ಲೇಟ್ ತಿಂದ್ರು. ನಾನು ಚಮಚ ಮುಟ್ಲೇ ಇಲ್ಲ."

ಆಮೇಲೆ ಹನ್ನೊಂದು ವರ್ಷ ಶೀರಾ ಮಾಡಿದರು, ತಿನ್ನಲಿಲ್ಲ. ಅವರು ತೀರಿಹೋದ ಮೇಲೆ ಸುಂದರಿಗೆ ಹೆಚ್ಚು ನೆನಪಾಗುವುದು ಆ ಸಂಜೆ. ಮದುವೆಯ ದಿನವೂ ಅವರು ಅಷ್ಟು ನೆಟ್ಟಗೆ ನಿಂತದ್ದನ್ನು ಅವಳು ಕಂಡಿರಲಿಲ್ಲ.