ಸ್ಕೋಪು ಕೆಟ್ಟಿರಲಿಲ್ಲ

ಸ್ಕೋಪು ಕೆಟ್ಟಿರಲಿಲ್ಲ, ಸಲೀಂ ಭಾಯ್. ಕಡೂರಿನ ನಮ್ಮ ನರ್ಸಿಂಗ್ ಹೋಮಿನ ಐಸಿಯು ಬಾಗಿಲಲ್ಲಿ ನಿಂತು ನಾನು ನಿಮಗೆ ಹೇಳಿದ್ದು ಸುಳ್ಳು. ಮೂರು ವರ್ಷ ಆ ಸುಳ್ಳಿನ ಮೇಲೆ ನಿಮ್ಮ ಸಲಾಮು ತೆಗೆದುಕೊಂಡಿದ್ದೇನೆ.

ನಿಮ್ಮ ಹೆಂಡತಿ ಜೈನಾಬ್ ವೆಂಟಿಲೇಟರ್ ಮೇಲಿದ್ದರು. ಆ ಮಧ್ಯಾಹ್ನ ಗಟ್ಟಿ ಕಫ ಕಟ್ಟಿ ಎಡಗಡೆಯ ಶ್ವಾಸಕೋಶ ಮುಚ್ಚಿಹೋಯಿತು. ಸ್ಕೋಪೆಂದರೆ ತುದಿಯಲ್ಲಿ ಕಣ್ಣಿರುವ ಸಣ್ಣ ನಳಿಗೆ; ಅದನ್ನು ಇಳಿಸಿ, ನೋಡುತ್ತಾ, ಕಫವನ್ನು ಎಳೆದು ತೆಗೆಯಬೇಕಿತ್ತು. ನೀವು ಕೈ ಮುಗಿದಿರಿ. "ನೀವು ಇದನ್ನೇ ಕಲ್ತು ಬಂದಿದೀರಂತಲ್ಲ ಡಾಕ್ಟ್ರೇ, ಏನಾದ್ರೂ ಮಾಡಿ."

ಕಲಿತು ಬಂದಿದ್ದೆ — ಹಾಗೆಂದು ಸರ್ಟಿಫಿಕೇಟು ಹೇಳುತ್ತದೆ.

ಶಿವಮೊಗ್ಗದಲ್ಲಿ ಎರಡು ದಿನದ ತರಬೇತಿ. ರಬ್ಬರಿನ ಗೊಂಬೆಯ ಸುತ್ತ ಆರು ಮಂದಿ, ನಾನೇ ಹಿರಿಯ. ಮೊದಲ ಸಲ ನಳಿಗೆ ಇಳಿಸಿದಾಗ ಕೈ ನಡುಗಿತು, ದಾರಿ ತಪ್ಪಿತು. "ಸರ್, ಹೊಟ್ಟೆಗೆ ಹೋಗ್ತಿದೀರ, ಊಟದ ಟೈಮಾಯ್ತಾ?" ಎಂದು ಬೀರೂರಿನ ಕಿರಿಯ ವೈದ್ಯೆ ನಕ್ಕಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೂ ನಕ್ಕೆ.

ಬಡಿಸುವವನು ಕೊನೆಯ ಪಂಕ್ತಿಗೆ ಕೂರಬೇಕು ಎನ್ನುತ್ತಿದ್ದಳು ನಮ್ಮಜ್ಜಿ. ಆಮೇಲೆ ಆ ಮಾತಿನ ಮರೆಯಲ್ಲೇ ಅಡಗಿಕೊಂಡೆ. "ನೀವು ಮಾಡ್ರಪ್ಪಾ, ನಂದು ಕೊನೇ ಪಂಕ್ತಿ," ಎಂದು ಪ್ರತಿ ಸರದಿಯನ್ನೂ ಬಿಟ್ಟುಕೊಟ್ಟು, ಪಕ್ಕದಲ್ಲಿ ಕುಳಿತು ಕತೆ ಹೇಳಿದೆ. ಎಂಥ ದೊಡ್ಡ ಮನುಷ್ಯ ಎಂದುಕೊಂಡರು. ನನ್ನ ಕೊನೆಯ ಪಂಕ್ತಿ ಬರಲೇ ಇಲ್ಲ. 'ಸ್ವತಃ ಮಾಡಿದ್ದು' ಎಂಬ ಕಾಲಮ್ಮನ್ನು ಮಾತ್ರ ಪೂರ್ತಿ ತುಂಬಿ ಸಹಿ ಹಾಕಿ ಬಂದೆ.

ನನಗೆ ಬರುವುದಿಲ್ಲ — ಇಷ್ಟೇ ಹೇಳಬೇಕಿತ್ತು, ಸಲೀಂ ಭಾಯ್. ಬೀರೂರು ಎಷ್ಟು ದೂರ? ಒಂದು ಫೋನು ಮಾಡಿದ್ದರೆ ಆ ಹುಡುಗಿ ಓಡಿ ಬರುತ್ತಿದ್ದಳು. ಅವಳು ನಕ್ಕಿದ್ದಳಲ್ಲ — ಅದಕ್ಕೇ ಮಾಡಲಿಲ್ಲ. ಬರೆದು ನೋಡಿದರೆ ಎಷ್ಟು ಚಿಕ್ಕದು ಇದು... ಒಂದು ಜೀವದ ಎದುರಿಗೆ.

"ಮಾಡ್ತಿದ್ದೆ ಕಣಪ್ಪಾ, ಸ್ಕೋಪೇ ಕೆಟ್ಟೋಗಿದೆ. ಶಿವಮೊಗ್ಗಕ್ಕೆ ಕರ್ಕೊಂಡ್ಹೋಗಿ," ಎಂದೆ. ಬೆಳಿಗ್ಗೆಯಷ್ಟೇ ಅದನ್ನು ತೊಳೆದು ಒರೆಸಿಟ್ಟಿದ್ದ ನರ್ಸು ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಆಂಬುಲೆನ್ಸು ತರೀಕೆರೆ ದಾಟುವ ಮೊದಲೇ ಜೈನಾಬ್ ಹೋದರು.

ಸ್ಕೋಪು ಇಳಿಸಿದ್ದರೆ ಉಳಿಯುತ್ತಿದ್ದರೋ ಏನೋ — ಗೊತ್ತಿಲ್ಲ. ಗೊತ್ತಾಗದಂತೆ ಮಾಡಿದವನೂ ನಾನೇ.

ನಲವತ್ತನೆಯ ದಿನದ ಫಾತೆಹಾ ಮುಗಿಸಿ ನೀವು ಬಂದಿರಿ. ನನ್ನ ಬಿಳಿ ಕೋಟುಗಳನ್ನು ಹೊಲಿಯುವ ನಿಮ್ಮ ಕೈಯಲ್ಲಿ ಅಂದು ಬಟ್ಟೆಯಿರಲಿಲ್ಲ, ಒಂದು ಅರ್ಜಿಯಿತ್ತು. ತಾಲ್ಲೂಕು ಆಸ್ಪತ್ರೆಗೆ ಕೆಡದಂಥ ಸ್ಕೋಪು ಬೇಕೆಂದು. "ಇನ್ಯಾರ್ ಮನೇಲೂ ಹಿಂಗಾಗ್ಬಾರ್ದು ಡಾಕ್ಟ್ರೇ. ನಿಮ್ ಸೈನೇ ಮೊದ್ಲು ಆಗ್ಲಿ." ಅಂಗಡಿ ಮುಚ್ಚಿ ಅಜ್ಜಂಪುರದವರೆಗೂ ಆ ಕಾಗದ ಹಿಡಿದು ಮನೆಮನೆ ತಿರುಗಿದಿರಿ. ಹೋದಲ್ಲೆಲ್ಲ ನನ್ನ ಸುಳ್ಳನ್ನೇ ನಿಮ್ಮ ಬಾಯಿಂದ ಹೇಳಿದಿರಿ.

ನಾಳೆ ಬೆಳಿಗ್ಗೆ ನಿಮ್ಮ ಅಂಗಡಿಗೆ ಬಂದು ಈ ಕಾಗದವನ್ನು ನಿಮ್ಮ ಕೈಗೇ ಕೊಡುತ್ತೇನೆ. ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ, ಕೇಳುವುದೂ ಇಲ್ಲ.

ಆ ಅರ್ಜಿಯ ಮೇಲಿನ ಮೊದಲ ಸಹಿ ನನ್ನದೇ. ಅಂದು ಕೊನೆಯ ಪಂಕ್ತಿ ಎನ್ನಲಿಲ್ಲ. ಕೈ ಕೂಡ ನಡುಗಲಿಲ್ಲ.