ಕೆಳ ಡೆಕ್ಕಿನ ಸೊಪ್ಪಿನವನು

ಬ್ರಹ್ಮಪುತ್ರಾ ನದಿಯಲ್ಲಿ ಐದು ದಿನ ಹಡಗಿನ ಮೇಲೆ ಓಡಾಡಿ ಬಂದ ನನಗೆ ಹೇಳಿಕೊಳ್ಳಲು ಉಳಿದಿದ್ದು ಒಂದೇ ಕಥೆ. ಘೇಂಡಾಮೃಗ ನೋಡಿದ್ದೆ, ಚಹಾ ತೋಟ ನೋಡಿದ್ದೆ, ನದಿಯ ನಡುವಿನ ಮರಳುದಿಬ್ಬದ ಮೇಲೆ ಬರಿಗಾಲಲ್ಲಿ ನಡೆದಿದ್ದೆ. ಆದರೆ ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲಿ ಹೋದರೂ ನಾನು ಹೇಳುತ್ತಿದ್ದುದು ಕೆಳ ಡೆಕ್ಕಿನ ನಮ್ಮ ಕೋಣೆಯ ಸದ್ದಿನ ಬಗ್ಗೆ. ಎಂಜಿನ್ ಇರುವುದು ಆ ಕೋಣೆಯ ಗೋಡೆಯ ಆಚೆಗೇ. ಬಂದ ಮೊದಲ ವರ್ಷ ನನ್ನ ಕಥೆಯಲ್ಲಿ ಮೇಜಿನ ಮೇಲಿನ ಗಾಜಿನ ಲೋಟ ಸಣ್ಣಗೆ ನಡುಗುತ್ತಿತ್ತು. ಎರಡನೆಯ ವರ್ಷ ಅದು ಮೇಜಿನ ಅಂಚಿನವರೆಗೂ ನಡೆದು ಬಂತು. ಮೂರನೆಯ ವರ್ಷ, ಬೀಳುವ ಮೊದಲು ನಾನು ಅದನ್ನು ಕೈಚಾಚಿ ಹಿಡಿದೆ.

"ಹೋದ ಸಲ ಅದು ಸ್ಟೀಲ್ ಲೋಟ ಆಗಿತ್ತಲ್ಲ" ಎಂದು ಹೆಂಡತಿ ಒಮ್ಮೆ ಬಾಳೆಯೆಲೆಯ ಮುಂದೆ ಕೂತೇ ಹೇಳಿದಳು. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ: ಲೋಟ ಯಾವುದು? ಲೋಟ ಅಂತ ಒಂದು ಇತ್ತೇ? ಜ್ಞಾನಭಾರತಿಯಲ್ಲಿ ಎರಡು ವರ್ಷ ಭೌತಶಾಸ್ತ್ರ ಓದಿ ನಾನು ಕಲಿತಿದ್ದರಲ್ಲಿ ಇವತ್ತಿಗೂ ಉಳಿದಿರುವುದು ಬೇರೆಯವರ ಮಾತನ್ನು ನಂಬದಿರುವ ಚಟ. ವಯಸ್ಸಾದ ಹಾಗೆ ಆ ಚಟ ನನ್ನ ಮಾತಿಗೂ ತಗುಲಿಕೊಂಡಿದೆ.

ಹೀಗಿರುವಾಗ ಕಳೆದ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಬಸವೇಶ್ವರನಗರದಿಂದ ಅಕ್ಕ ಫೋನ್ ಮಾಡಿದಳು. ಅವಳೂ ಭಾವನೂ ಅದೇ ನದಿಗೆ, ಅದೇ ಹಡಗಿಗೆ ಹೊರಟಿದ್ದರು. ಮೇಲಿನ ಡೆಕ್ಕಿನ ಕೋಣೆಗಳೆಲ್ಲ ಹೋಗಿದ್ದವು. ಕೆಳಗಿನವು ಎರಡು ಮಾತ್ರ ಉಳಿದಿದ್ದವು. ಮಧ್ಯಾಹ್ನ ಹನ್ನೆರಡರೊಳಗೆ ಬೇಕೋ ಬೇಡವೋ ಹೇಳಬೇಕಂತೆ.

"ಶಬ್ದ ಇತ್ತೋ ಇಲ್ವೋ, ಅಷ್ಟು ಹೇಳು. ಲೋಟದ ಕಥೆ ಬೇಡ" ಎಂದಳು.

ಅವಳ ಪ್ರಶ್ನೆಯ ತೂಕ ನನಗೆ ಗೊತ್ತಿತ್ತು. ಒಂದು ರಾತ್ರಿ ನಿದ್ದೆ ಕೆಟ್ಟರೆ ಅಕ್ಕನಿಗೆ ಅರೆತಲೆನೋವು ಬರುತ್ತದೆ; ಬಂದರೆ ಎರಡು ದಿನ ಕಿಟಕಿ ಮುಚ್ಚಿಕೊಂಡು, ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಬೇಕು. ಅದಕ್ಕಿಂತ ಹೆಚ್ಚಾಗಿ, ಅವಳ ಅರವತ್ತೆರಡು ವರ್ಷಗಳಲ್ಲಿ ಏನೂ ಕೆಲಸವಿಲ್ಲದೆ ಹೊರಟ ಪ್ರಯಾಣ ಇದೇ ಮೊದಲನೆಯದು. ನಮ್ಮ ಮನೆತನದ ಯಾವ ಮದುವೆಗೆ ಹೋದರೂ ಅವಳದು ಉಗ್ರಾಣ. ಛತ್ರಕ್ಕೆ ಎಲ್ಲರಿಗಿಂತ ಮೊದಲು ಹೋಗಿ, ಅಡುಗೆಮನೆಯ ಪಕ್ಕದ ಸಾಮಾನಿನ ಕೋಣೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರೆ, ಕೊನೆಯ ತೆಂಗಿನಕಾಯಿ ಲೆಕ್ಕವಾಗುವವರೆಗೆ ಅವಳು ಅಲ್ಲೇ. ರಾತ್ರಿ ಮಲಗುವುದೂ ಅಲ್ಲೇ, ಬೆಲ್ಲದ ಡಬ್ಬ ಮತ್ತು ವೀಳ್ಯದೆಲೆ ಬುಟ್ಟಿಗಳ ಮಧ್ಯೆ. ನನ್ನ ಮದುವೆಯಲ್ಲಿ ಧಾರೆ ಎರೆಯುವ ಹೊತ್ತಿಗೆ ಅವಳು ಅಡುಗೆಯವರಿಗೆ ತುಪ್ಪ ಅಳೆದು ಕೊಡುತ್ತಿದ್ದಳು. ಅಂಥವಳು ಐದು ದಿನ ಯಾರಿಗೂ ಏನನ್ನೂ ಅಳೆದುಕೊಡದೆ ನದಿ ನೋಡುತ್ತಾ ಕೂರಲು ಹೊರಟಿದ್ದಳು. ಅದು ಹಾಳಾದರೆ ಇನ್ನೊಂದು ಸಲ ಹೊರಡುವವಳಲ್ಲ.

"ಭಯಂಕರ ಶಬ್ದ ಅಕ್ಕ. ಹೋಗ್ಲೇಬೇಡಿ" ಎಂದೆ.

ಫೋನ್ ಸ್ಪೀಕರ್‌ನಲ್ಲಿತ್ತು. ಎದುರಿಗೆ ಅವರೆಕಾಳು ಹಿದುಕುತ್ತಾ ಕೂತಿದ್ದ ಹೆಂಡತಿ ತಲೆ ಎತ್ತದೆ, "ನಂಗೆ ಚೆನ್ನಾಗಿ ನಿದ್ದೆ ಬಂತು ಅತ್ತಿಗೆ" ಎಂದಳು.

"ನೋಡೋ, ಅವಳು ಹಂಗಂತಾಳೆ."

"ಅವಳಿಗೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಲ್ಲೂ ಬರುತ್ತೆ" ಎಂದೆ.

"ಬರ್ಲಿ ಬಿಡಿ, ಅದೇನ್ ರೋಗಾನಾ?" ಎಂದು ಹೆಂಡತಿ ಒಂದು ಕಾಳನ್ನು ಬಟ್ಟಲಿಗೆ ಚಿಮ್ಮಿಸಿದಳು.

ಇಬ್ಬರ ನೆನಪು ಎರಡು ದಿಕ್ಕಿಗಿದ್ದಾಗ ಸಾಕ್ಷಿ ಬೇಕು. ನನ್ನ ಬಳಿ ಸಾಕ್ಷಿ ಇತ್ತು. ಹಡಗಿನಲ್ಲಿದ್ದಾಗ ನಾನು ಕೋಣೆಯ ಸದ್ದನ್ನು ಫೋನಿನಲ್ಲಿ ಹಿಡಿದಿಟ್ಟಿದ್ದೆ. ವಾಪಸ್ ಬಂದ ಮೇಲೆ, ಹೋಲಿಸಿ ನೋಡಲೆಂದು, ವಿಜಯನಗರದ ನಮ್ಮ ಮಲಗುವ ಕೋಣೆಯಲ್ಲೂ ಅಷ್ಟೇ ಹೊತ್ತು ಹಿಡಿದಿದ್ದೆ. ಬರೀ ಹಡಗಿನ ಸದ್ದು ಹಿಡಿದರೆ ಅದು ಹೆಚ್ಚೋ ಕಡಿಮೆಯೋ ಹೇಗೆ ಗೊತ್ತಾಗಬೇಕು? ಕಂಪನಿಯವರಿಗೆ ದೂರು ಬರೆಯುವ ಯೋಚನೆಯಿತ್ತು. ಬರೆಯಲಿಲ್ಲ. ಆ ಫೋನ್ ಈಗ ಗಾಜು ಒಡೆದು, ಬೀರುವಿನ ಕೆಳಗಿನ ಖಾನೆಯಲ್ಲಿ ಹಳೆಯ ಚಾರ್ಜರ್‌ಗಳ ಜೊತೆ ಮಲಗಿತ್ತು. ಅದಕ್ಕೆ ಜೀವ ಬರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಅಕ್ಕ ಎರಡು ಸಲ ಫೋನ್ ಮಾಡಿ, "ಹುಡುಕ್ದೇನೋ ನಿನ್ನ ಹಡಗು?" ಎಂದು ಕೇಳಿದ್ದಳು.

ಎರಡು ರೆಕಾರ್ಡಿಂಗ್ ಸಿಕ್ಕಿದವು. ಹೆಸರು ಬರೆದಿರಲಿಲ್ಲ, ಫೋನೇ ಕೊಟ್ಟ ಉದ್ದನೆಯ ಅಂಕೆಗಳಿದ್ದವು. ಮೊದಲನೆಯದನ್ನು ಒತ್ತಿ ಅಕ್ಕನಿಗೆ ಕೇಳುವಂತೆ ಹಿಡಿದೆ. ಗುಂಯ್ ಎಂದು ಶುರುವಾಗಿದ್ದು ಏರುತ್ತಾ ಹೋಗಿ ಗಡಗಡ ಎನ್ನತೊಡಗಿತು. ನಡುವೆ ಏನೋ ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದು. ನನ್ನ ಎದೆ ಹಗುರವಾಯಿತು. ಮೂರು ವರ್ಷದ ಕಥೆ ಸುಳ್ಳಾಗಿರಲಿಲ್ಲ.

"ಅಯ್ಯಪ್ಪಾ, ಇದೇನು ಹಡಗಾ ಹಿಟ್ಟಿನ ಗಿರಣಿನಾ?" ಎಂದಳು ಅಕ್ಕ.

"ಇನ್ನೂ ಕೇಳು" ಎಂದು ಹೆಮ್ಮೆಯಿಂದ ಹಾಗೇ ಬಿಟ್ಟೆ. ಹೆಂಡತಿಯ ಕಡೆ ನೋಡಿದೆ. ಅವಳು ಹಿದುಕುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದಳು. ನಾಲ್ಕನೆಯ ನಿಮಿಷವೋ ಏನೋ, ಆ ಗಡಗಡದ ನಡುವಿನಿಂದ, ದೂರದಿಂದ ಹತ್ತಿರಕ್ಕೆ ಬರುತ್ತಾ ಒಂದು ದನಿ ಎದ್ದಿತು:

"ಸೊಪ್ಪೋ... ದಂಟು, ಮೆಂತ್ಯ, ಸಬ್ಸಿಗೇ..."

ನಾನು ರೆಕಾರ್ಡಿಂಗ್ ನಿಲ್ಲಿಸಿದೆ.

"ಬ್ರಹ್ಮಪುತ್ರದಲ್ಲಿ ಸಬ್ಸಿಗೆನೂ ಬರುತ್ತೇನೋ?" ಎಂದು ಅಕ್ಕ ಬಹಳ ಮೃದುವಾಗಿ ಕೇಳಿದಳು.

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಒಳಗೆ ಹೋದಳು. ಆ ಗಡಗಡ ನಮ್ಮ ಮನೆಯ ಮುಂದಿನ ರಸ್ತೆಯದು. ಬಸ್ಸು, ಗೂಡ್ಸ್ ಆಟೋ, ಎದುರು ಸೈಟಿನಲ್ಲಿ ಮನೆ ಕಟ್ಟುತ್ತಿದ್ದವರ ಕಾಂಕ್ರೀಟ್ ಮಿಕ್ಸರ್. ಇಷ್ಟು ದಿನ ನಾನು ದೂರುತ್ತಿದ್ದ ಸದ್ದಿನ ಒಳಗೇ ದಿನಾ ಎಂಟು ಗಂಟೆ ಮಲಗಿ ಏಳುತ್ತಿದ್ದೆ.

ಎರಡನೆಯದನ್ನು ಒತ್ತಿದೆ. ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಹಲಗೆಗೆ ನೀರು ತಾಗುವ ಸಣ್ಣ ಸದ್ದು, ಎಲ್ಲೋ ಮೇಲೆ ಯಾರೋ ಕುರ್ಚಿ ಎಳೆದದ್ದು, ಒಂದು ಹಕ್ಕಿ. ಒಂದು ನಿಮಿಷ ಕೇಳಿಸಿಕೊಂಡ ಅಕ್ಕ, "ಇಷ್ಟೇನಾ? ಇದಕ್ಕಾ ಮೂರು ವರ್ಷದಿಂದ ಎಲ್ಲರ ಊಟ ಆರಿಸ್ತಿದ್ದೆ?" ಎಂದಳು.

ಸಾಕ್ಷಿಯ ಮುಂದೆ ನೆನಪು ತಲೆಬಾಗಬೇಕು. "ತಗೊಳ್ಳಿ ಅಕ್ಕ, ಧೈರ್ಯವಾಗಿ ತಗೊಳ್ಳಿ. ನಂದೇ ಗ್ಯಾರಂಟಿ" ಎಂದೆ. ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಭಾವ ಕೆಳ ಡೆಕ್ಕಿನ ಕೋಣೆಗೆ ಹೂಂ ಎಂದರು.

ಒಂದು ತಿಂಗಳ ಮೇಲೆ ಅವರು ಹೊರಟರು. ಹಡಗು ಹತ್ತಿದ ದಿನ ಅಕ್ಕನಿಂದ ಒಂದು ಫೋಟೋ ಬಂತು: ಸ್ವೆಟರು, ಮಫ್ಲರು, ಹಿಂದೆ ಬಿಳಿ ಹಡಗು. ಮರುದಿನ ಬೆಳಿಗ್ಗೆ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದಾಗ, ಅವಳು ಈಗ ಕೇಳುತ್ತಿರಬಹುದಾದ್ದನ್ನು ನಾನೂ ಕೇಳೋಣ ಎನ್ನಿಸಿ, ನನ್ನ ಈಗಿನ ಫೋನಿಗೆ ಹಾಕಿಕೊಂಡಿದ್ದ ಆ ಎರಡನೆಯ ರೆಕಾರ್ಡಿಂಗನ್ನು ಪೂರ್ತಿ ಕೇಳಿದೆ. ಅಂದು ಅವಸರದಲ್ಲಿ ಒಂದು ನಿಮಿಷ ಕೇಳಿದ್ದಷ್ಟೆ. ಆರನೆಯ ನಿಮಿಷದಲ್ಲಿ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ನನ್ನ ಹೆಂಡತಿಯ ದನಿ:

"ರೀ, ಎಲ್ರೂ ದಡಕ್ಕೆ ಇಳಿದಾಯ್ತು. ಎಂಜಿನ್ನೂ ಆಫ್ ಮಾಡಿ ಅರ್ಧ ಗಂಟೆ ಆಯ್ತು. ನೀವು ಬರ್ತೀರೋ, ಇಲ್ಲಾ ಗೋಡೆಗೆ ಕಿವಿ ಕೊಟ್ಕೊಂಡು ಇಲ್ಲೇ ಕೂತಿರ್ತೀರೋ?"

ನಿಧಾನವಾಗಿ ಎಲ್ಲ ನೆನಪಾಯಿತು. ಮೊದಲು ಎಂಜಿನ್ ನಿಂತಾಗಿನ ಸದ್ದು, ಆಮೇಲೆ ಓಡುವಾಗಿನದು, ಎರಡನ್ನೂ ಹಿಡಿದು ವ್ಯತ್ಯಾಸ ನೋಡಬೇಕೆಂದುಕೊಂಡಿದ್ದೆ. ಓಡುವಾಗಿನದನ್ನು ಹಿಡಿಯಲೇ ಇಲ್ಲ. ಎಂಜಿನ್ ಓಡುವಾಗೆಲ್ಲ ನಾನು ಮೇಲಿನ ಡೆಕ್ಕಿನಲ್ಲಿ ಚಹಾ ಕುಡಿಯುತ್ತಾ, ಕೇಳಲು ಸಿಕ್ಕವರ ಹತ್ತಿರ ಕೆಳಗಿನ ಸದ್ದನ್ನು ದೂರುತ್ತಿದ್ದೆ.

ಮನೆಗೆ ಬಂದು ಹೆಂಡತಿಗೆ ಕೇಳಿಸಿದೆ. "ಹಾಗಾದ್ರೆ ನಿಂಗೆ ಗೊತ್ತಿತ್ತು" ಎಂದೆ.

"ಏನು?"

"ಸದ್ದಿತ್ತು ಅಂತ."

"ಎಂಜಿನ್ ಪಕ್ಕದಲ್ಲಿ ಸದ್ದಿರದೆ ಇನ್ನೇನಿರುತ್ತೆ? ನಂಗೆ ನಿದ್ದೆ ಬಂತು ಅಂದೆ. ಸದ್ದಿರ್ಲಿಲ್ಲ ಅಂತ ನಾನ್ಯಾವಾಗ ಹೇಳ್ದೆ?"

ಅಕ್ಕನಿಗೆ ಫೋನ್ ಮಾಡಿದೆ, ಸಿಗಲಿಲ್ಲ. ನದಿಯ ನಡುವೆ ಸಿಗ್ನಲ್ ಇರುವುದಿಲ್ಲ, ಅದೊಂದು ಮಾತ್ರ ನನಗೆ ಅನುಮಾನವಿಲ್ಲದೆ ನೆನಪಿತ್ತು. 'ನಿದ್ದೆ ಬಂತಾ?' ಎಂದು ಕಳಿಸಿದ ಮೆಸೇಜಿಗೆ ನಾಲ್ಕು ದಿನ ಒಂದೇ ಟಿಕ್ ಇತ್ತು. ಆ ನಾಲ್ಕು ದಿನ ನನ್ನ ಕಣ್ಣಿಗೆ ಕಟ್ಟಿದ್ದು ಒಂದೇ ಚಿತ್ರ: ಕಿಟಕಿಯ ಪರದೆ ಎಳೆದ ಸಣ್ಣ ಕೋಣೆ, ಹಣೆಗೆ ಬಟ್ಟೆ ಬಿಗಿದುಕೊಂಡ ಅಕ್ಕ, ಗೋಡೆಯಾಚೆ ಎಂಜಿನ್, ಹೊರಗೆ ಅವಳು ನೋಡದ ನದಿ. ನಂದೇ ಗ್ಯಾರಂಟಿ ಎಂದಿದ್ದೆನಲ್ಲ.

"ನೀವು ಹಿಂಗೇ ಯೋಚ್ನೆ ಮಾಡ್ತಿದ್ರೆ ಅರೆತಲೆನೋವು ನಿಮಗೇ ಬರೋದು" ಎಂದಳು ಹೆಂಡತಿ.

ಅವರು ಬಂದ ಮಾರನೆಯ ದಿನ ಬಸವೇಶ್ವರನಗರಕ್ಕೆ ಹೋದೆ. ಬಾಗಿಲು ತೆರೆದವರು ಭಾವ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ಬಾರಯ್ಯಾ ವಿಜ್ಞಾನಿ" ಎಂದರು. "ಬೆಳಗಿನ ಜಾವ ಐದಕ್ಕೆ ಶುರು ಮಾಡ್ತಿದ್ದ ಕಣಯ್ಯಾ. ದಿಂಬಿನೊಳಗೇ ಇಟ್ಟಂಗಿತ್ತು ಎಂಜಿನ್ನು. ಹಲ್ಲುಸೆಟ್ಟು ಬಟ್ಟಲಲ್ಲಿ ಕಟಕಟ ಅನ್ನೋದು. ನಿಮ್ಮಕ್ಕ ಯಾವುದೋ ಹಕ್ಕಿ ಕೂಗಿದ್ದನ್ನ ಕೇಳಿ ಬುಕ್ ಮಾಡಿಸಿದ್ಲಂತೆ, ಅದ್ಯಾವ ಹಕ್ಕೀಂತ ತೋರಿಸು ನಂಗೆ."

ಲೋಟ ಇಲ್ಲದಿದ್ದರೂ ಹಲ್ಲುಸೆಟ್ಟು ಇತ್ತು. ಅಂದರೆ ನನ್ನ ಕಥೆ ಪೂರ್ತಿ ಸುಳ್ಳಲ್ಲ ಎಂಬ ಕಳ್ಳಸಂತೋಷ ಒಂದು ಕ್ಷಣ ಬಂದು ಹೋಯಿತು. ಆಮೇಲೆ ಕೇಳಿದೆ: "ಅಕ್ಕ?"

"ಅವಳನ್ನೇ ಕೇಳು."

ಅಕ್ಕ ಅಡುಗೆಮನೆಯಿಂದ ಕಾಫಿ ಹಿಡಿದು ಬಂದಳು. ಮುಖ ತುಂಬಿಕೊಂಡಿತ್ತು.

"ತಲೆನೋವು ಬಂತಾ?"

"ಇಲ್ಲ ಕಣೋ."

"ನದಿ ಹೇಗಿತ್ತು?"

ಅವಳು ಸ್ವಲ್ಪ ನಾಚಿಕೊಂಡಳು. "ಹೊಳೆ ಜಾಸ್ತಿ ನೋಡ್ಲಿಲ್ಲ. ನಿದ್ದೆ ಬಂದ್ಬಿಡೋದು. ತಿಂಡಿ ತಿಂದು ಒಂದ್ಸಲ, ಊಟ ಮಾಡಿ ಒಂದ್ಸಲ. ಇವರು ಬಂದು ಘೇಂಡಾಮೃಗ ಘೇಂಡಾಮೃಗ ಅಂತ ಎಬ್ಬಿಸಿದ್ರು. ನೀವೇ ನೋಡ್ಕೊಂಡು ಬನ್ನಿ ಅಂದೆ."

"ಆ ಸದ್ದಿನಲ್ಲಾ?"

"ಸದ್ದಿತ್ತು ಅಂತಾನೇ ನಿದ್ದೆ ಬಂದಿದ್ದು ಕಣೋ." ಅವಳು ನನ್ನೆದುರು ಕೂತಳು. "ಉಗ್ರಾಣದಲ್ಲಿ ಮಲಗ್ತಿದ್ನಲ್ಲ, ಪಕ್ಕದಲ್ಲಿ ಗ್ರೈಂಡರ್ ಓಡ್ತಿರುತ್ತೆ, ಜನರೇಟರ್ ಓಡ್ತಿರುತ್ತೆ. ಓಡ್ತಾ ಇದೆ ಅಂದ್ರೆ ಅಡುಗೆಯವರು ಎದ್ದಿದಾರೆ ಅಂತ. ಅವರು ಎದ್ದಿರೋವಾಗ ನಾನ್ಯಾಕೆ ಎದ್ದಿರ್ಬೇಕು? ಮಲಗಿಬಿಡ್ತಿದ್ದೆ. ಸದ್ದು ನಿಂತ್ರೆ ಎದ್ದು ಕೂರೋದು, ಏನೋ ಮುಗ್ದೋಯ್ತೇನೋ, ರವೆ ಸಾಲ್ದೇ ಬಂತೇನೋ ಅಂತ. ಇಲ್ಲಿ ಮನೇಲಿ ಎಲ್ಲಾ ತಣ್ಣಗಿರುತ್ತೆ. ಗ್ಯಾಸ್ ಆಫ್ ಮಾಡಿದೀನಾ, ಸಂಪಿನ ಮೋಟರ್ ಆಫ್ ಮಾಡಿದೀನಾ ಅಂತ ಕಿವಿ ನೆಟ್ಟಗೆ ಮಾಡ್ಕೊಂಡು ಬಿದ್ದಿರ್ತೀನಿ. ಹಡಗಲ್ಲಿ ಯಾರೋ ಎದ್ದಿದ್ರು, ಓಡಿಸ್ತಿದ್ರು."

ಭಾವ ಪೇಪರ್ ಹಿಂದಿನಿಂದ, "ಓಡಿಸ್ತಿದ್ರು, ನನ್ನ ತಲೆ ಮೇಲೇ ಓಡಿಸ್ತಿದ್ರು" ಎಂದರು.

ನಾಲ್ಕು ದಿನದಿಂದ ಸಿದ್ಧಪಡಿಸಿಕೊಂಡು ಬಂದಿದ್ದ ಕ್ಷಮೆಯನ್ನು ಎಲ್ಲಿಡಬೇಕೋ ತಿಳಿಯದೆ ಕಾಫಿ ಕುಡಿದೆ. ಹೊರಡುವಾಗ ಅಕ್ಕ ಗೇಟಿನವರೆಗೆ ಬಂದು, ಭಾವನಿಗೆ ಕೇಳದಂತೆ, "ಆ ಎಂಜಿನ್ ಸದ್ದು ನಿನ್ನ ಫೋನಲ್ಲಿದ್ರೆ ನಂಗೆ ಹಾಕ್ಕೊಡೋ. ಮಧ್ಯಾಹ್ನ ಒಂದು ಗಳಿಗೆ ಮಲಗೋವಾಗ ಹಾಕ್ಕೊಳ್ತೀನಿ" ಎಂದಳು.

ನನ್ನ ಹತ್ತಿರ ಅದು ಇರಲಿಲ್ಲ. ನನ್ನ ಹತ್ತಿರ ಇದ್ದದ್ದು ನಿಂತ ಹಡಗು ಮತ್ತು ಓಡುವ ವಿಜಯನಗರ. ನಿಜ ಹೇಳಿಯೇ ನಮ್ಮ ರಸ್ತೆಯದನ್ನು ಅವಳ ಫೋನಿಗೆ ಕಳಿಸಿದೆ: 'ಇದು ಹಡಗಲ್ಲ ಅಕ್ಕ, ನಮ್ಮ ಮನೆ ಮುಂದಿನ ಟ್ರಾಫಿಕ್ಕು. ಈ ಸಲ ಹೆಸರೂ ಬರೆದಿದ್ದೇನೆ.'

ಹದಿನೈದು ದಿನ ಬಿಟ್ಟು ಫೋನ್ ಮಾಡಿ ಕೇಳಿದೆ. ತಲೆನೋವು ಆಮೇಲೆ ಬಂದಿಲ್ಲವಂತೆ. ಮಧ್ಯಾಹ್ನ ಊಟವಾದ ಮೇಲೆ ಹಾಕಿಕೊಂಡರೆ ಎರಡೇ ನಿಮಿಷಕ್ಕೆ ಕಣ್ಣು ಮುಚ್ಚುತ್ತದಂತೆ.

"ಥೇಟ್ ಹಡಗಿನ ಸದ್ದೇ ಕಣೋ" ಎಂದಳು.

"ಮತ್ತೆ ಆ ಸೊಪ್ಪಿನವನು ಕೂಗಿದಾಗ ಎಚ್ಚರ ಆಗಲ್ವಾ?"

"ಎಚ್ಚರ ಯಾಕಾಗುತ್ತೆ? ಅವನು ಹಡಗಲ್ಲೂ ಬರ್ತಿದ್ನಲ್ಲೋ. ನಿಂಗೆ ನೆನಪಿಲ್ಲ ಅಷ್ಟೆ."