ಭಾನುವಾರದ ಟಪಾಲು

ಬಳ್ಳಾರಿಯಿಂದ ಕುರುಗೋಡಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಅದಿರಿನ ಲಾರಿಗಳ ಕಾಲದಲ್ಲಿ ಅದು ಒಂದೂವರೆ ಗಂಟೆಯೂ ಆಗುತ್ತಿತ್ತು, ಎರಡೂ ಆಗುತ್ತಿತ್ತು. ಆರು ವರ್ಷ ನಾನು ಆ ದಾರಿ ಸವೆಸಿದೆ. ಸತ್ಯನಾರಾಯಣಪೇಟೆಯ ಬಾಡಿಗೆ ಮನೆಯಿಂದ ಬೆಳಿಗ್ಗೆ ಹೊರಟು, ಕುರುಗೋಡಿನ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಹೇಳಿ, ಸಂಜೆ ಅದಿರಿನ ಧೂಳಿಗೆ ಅಡಿಯಿಂದ ಮುಡಿಯವರೆಗೆ ಕೆಂಪಾಗಿ ಮನೆಗೆ ಬರುತ್ತಿದ್ದೆ. ಮೊದಲು ಮುಖ ತೊಳೆಯಬೇಕೋ ಸೀರೆ ನೆನೆಸಬೇಕೋ ಎಂದು ಯೋಚಿಸುವ ತ್ರಾಣವೂ ಇರುತ್ತಿರಲಿಲ್ಲ. ಬಚ್ಚಲ ಕಟ್ಟೆಯ ಮೇಲೆ ಸುಮ್ಮನೆ ಕೂತುಬಿಡುತ್ತಿದ್ದೆ. ನನ್ನ ಗಂಡ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ವಾರಕ್ಕೊಮ್ಮೆ ಬರುತ್ತಿದ್ದರು, ಹಾಗಾಗಿ ಕಟ್ಟೆಯಿಂದ ಏಳು ಎನ್ನುವವರು ಯಾರೂ ಇರಲಿಲ್ಲ.

ಭಾನುವಾರ ಮಾತ್ರ ಬೇರೆ. ಅವತ್ತು ತಲೆಗೆ ಎರೆದುಕೊಂಡು, ನಮ್ಮ ಓಣಿಯ ಕೊನೆಯಲ್ಲಿದ್ದ ಇಂಟರ್‌ನೆಟ್ ಸೆಂಟರಿಗೆ ಹೋಗುತ್ತಿದ್ದೆ. ಪ್ಲೈವುಡ್ ಅಡ್ಡ ಕಟ್ಟಿದ ಗೂಡುಗಳು, ಒಂದೊಂದರಲ್ಲಿ ಒಂದೊಂದು ಕಂಪ್ಯೂಟರು. ಕೀಲಿಗಳ ಮೇಲೂ ಅದೇ ಕೆಂಪು ಧೂಳು. ಸೀರೆಯ ಸೆರಗಿನಿಂದ ಒರೆಸಿ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಒತ್ತುತ್ತಾ ಕೂರುತ್ತಿದ್ದೆ. ಶಿಕ್ಷಕರ ತರಬೇತಿಯಲ್ಲಿ ಒಂದೇ ಕೋಣೆಯಲ್ಲಿದ್ದ ನಾವು ಮೂವರು ಹೀಗೆ ವಾರಕ್ಕೊಮ್ಮೆ ಮೇಲ್ ಬರೆದುಕೊಳ್ಳುತ್ತಿದ್ದೆವು. ಒಬ್ಬರು ಬರೆದದ್ದು ಉಳಿದಿಬ್ಬರಿಗೂ ಹೋಗುತ್ತಿತ್ತು. ಶಾಲೆಗೆ ಬರುವ ಸರ್ಕಾರಿ ಕಾಗದಗಳಿಗೆ ಟಪಾಲು ಅನ್ನುತ್ತೇವಲ್ಲ, ಇದಕ್ಕೂ ಅದೇ ಹೆಸರು ಅಂಟಿಕೊಂಡಿತು.

ಮೂವರಲ್ಲಿ ಒಬ್ಬಳು ಬಳ್ಳಾರಿಯ ಬಳೆ ಅಂಗಡಿಯವರ ಮಗಳು. ಮದುವೆಯಾಗಿ ಹೈದರಾಬಾದಿಗೆ ಹೋಗಿ ಮಾಸ್ತರಿಕೆಯ ಆಸೆ ಬಿಟ್ಟವಳು. ಇನ್ನೊಬ್ಬಳು ಸಿರುಗುಪ್ಪದವಳು. ದಿನವೂ ಅಲ್ಲಿಂದ ಹಚ್ಚೊಳ್ಳಿಯ ಶಾಲೆಗೆ ಹೋಗುತ್ತಿದ್ದಳು. ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಟ್ರ್ಯಾಕ್ಟರು. ಈ ಬರಹದಲ್ಲಿ ನನಗೆ ಮುಖ್ಯವಾದವಳು ಅವಳೇ.

ನಮ್ಮ ಟಪಾಲಿಗೆ ಕಾಯಿದೆ ಮಾಡಿದವಳೂ ಅವಳೇ. ಮೊದಲ ಸಲ ನಾನು ಬರೆದದ್ದು ಒಂದು ಪುಟದ ಗೋಳು. ಬಸ್ಸು, ಧೂಳು, ಬೆನ್ನು, ಒಂಟಿತನ, “ಗಣಿ ಕಂಪನಿಯವರಿಗೆ ಬಾಡಿಗೆಗೆ ಕೊಡುತ್ತೇವೆ, ಮನೆ ಬಿಡಿ” ಎನ್ನುವ ಮಾಲೀಕರು, ಎಲ್ಲವನ್ನೂ ತೋಡಿಕೊಂಡಿದ್ದೆ. ಅವಳಿಂದ ಬಂದದ್ದು ಒಂದೇ ಸಾಲು: “ಅಳೋ ಟಪಾಲಿಗೆ ಉತ್ತರ ಇಲ್ಲ. ನಗಸು, ಬರೀತೀನಿ.” ಕೊನೆಗೆ ನಗುವಿನ ಗುರುತು, ಎರಡು ಚುಕ್ಕಿ, ಒಂದು ಕಂಸ.

ನನಗೆ ಸಿಟ್ಟು ಬಂತು. ಆದರೆ ಕಾರಣ ಗೊತ್ತಿತ್ತು. ತರಬೇತಿಯ ಕಾಲದಲ್ಲಿ ಅವಳಿಗೆ ಉಬ್ಬಸವಿತ್ತು. ಚಳಿಗಾಲ ಬಂತೆಂದರೆ, ಕಸ ಗುಡಿಸಿದರೆ, ಎಲ್ಲಕ್ಕಿಂತ ಹೆಚ್ಚಾಗಿ ಅತ್ತರೆ, ಉಸಿರು ಸಿಕ್ಕಿಕೊಳ್ಳುತ್ತಿತ್ತು. ತೊಡೆಯ ಮೇಲೆ ದಿಂಬು ಇಟ್ಟುಕೊಂಡು, ಅದರ ಮೇಲೆ ಮೊಣಕೈ ಊರಿ ಮುಂದಕ್ಕೆ ಬಾಗಿ ಕೂರುತ್ತಿದ್ದಳು. ನಾನು ಬೆನ್ನು ತಿಕ್ಕುತ್ತಿದ್ದೆ, ಬಳೆ ಅಂಗಡಿಯವಳು ಬಿಸಿನೀರು ತರುತ್ತಿದ್ದಳು. ಅಳುವುದು ಅವಳ ಕೈಗೆಟುಕದ ಸುಖವಾಗಿತ್ತು. ಸಿರುಗುಪ್ಪಕ್ಕೆ ಮರಳಿದ ಮೇಲೆ ಉಬ್ಬಸ ತಾನಾಗಿಯೇ ಹೋಯಿತು ಎಂದು ಒಮ್ಮೆ ಬರೆದಿದ್ದಳು. ಕಾಲುವೆ ನೀರಿನ ಗುಣ ಎಂದು ಅವಳ ನಂಬಿಕೆ.

ಅವತ್ತಿನಿಂದ ನಾನು ನಗಿಸಲು ಕಲಿತೆ. ಧ್ವಜ ಹಾರಿಸುವ ದಿನ ಬಿಳಿ ಸೀರೆ ಉಟ್ಟು ಹೋಗಿದ್ದೆ. ಕುರುಗೋಡಿನಲ್ಲಿ ಇಳಿಯುವಷ್ಟರಲ್ಲಿ ಅದು ತಿಳಿಗುಲಾಬಿ ಬಣ್ಣಕ್ಕೆ ತಿರುಗಿತ್ತು. ಹೆಡ್‌ಮಾಸ್ತರರು ನನ್ನನ್ನು ನೋಡಿ, “ಮೇಡಂ, ಇವತ್ತು ಎಲ್ಲಾರೂ ಬಿಳಿ ಸೀರಿ ಅಂತ ಹೇಳಿದ್ವೆಲ್ರಿ,” ಅಂದರು. “ಬಿಳೀದ ಉಟ್ಟೀನ್ರಿ ಸರ್, ದಾರಿಯಾಗ ಹಣ್ಣಾತು,” ಅಂದೆ. ಅದನ್ನು ಹಾಗೆಯೇ ಬರೆದೆ. ಮುಂದೊಮ್ಮೆ ಸೀನಿನ ಹಾಜರಿಯ ಸುದ್ದಿ ಬರೆದೆ. ದಾರಿಯ ಕಬ್ಬಿಣದ ಕಾರ್ಖಾನೆಗಳ ಹತ್ತಿರ ಬಸ್ಸು ನಿಂತಾಗ ಕಿಟಕಿ ಮುಚ್ಚಿದರೂ ಹೊಗೆ, ಧೂಳು ಒಳಗೆ ಬರುತ್ತಿದ್ದವು. ಮುಂದಿನ ಸೀಟಿನ ಅಜ್ಜ ಮೊದಲು ಸೀನುತ್ತಿದ್ದ. ಆಮೇಲೆ ಅವನ ಹಿಂದಿನವರು, ಅವರ ಹಿಂದಿನವರು, ಒಬ್ಬೊಬ್ಬರಾಗಿ, ಯಾರೋ ಹೆಸರು ಕೂಗುತ್ತಿರುವ ಹಾಗೆ. ಕೊನೆಗೆ ಕಂಡಕ್ಟರ್ ಸೀನಿದರೆ ಹಾಜರಿ ಮುಗಿದಂತೆ. ಇದನ್ನು ಓದಿ ಅವಳು ಶಾಲೆಯ ಅಡುಗೆಯವರಿಗೂ ಹೇಳಿ ನಕ್ಕಳಂತೆ.

ಅವಳೂ ಕಡಿಮೆಯವಳಲ್ಲ. ಹಚ್ಚೊಳ್ಳಿ ದಾರಿಯಲ್ಲಿ ಅವಳ ಛತ್ರಿ ಕಾಲುವೆಗೆ ಬಿದ್ದು ತೇಲಿಹೋಯಿತು. ಮೂರು ದಿನದ ಮೇಲೆ ಕೆಳಗಿನ ಊರಿನ ಹುಡುಗಿಯೊಬ್ಬಳು ಅದನ್ನೇ ಹಿಡಿದುಕೊಂಡು ಇವಳ ತರಗತಿಗೆ ಬಂದಳು. “ನಮ್ಮಪ್ಪಗ ಕಾಲುವಿಯಾಗ ಸಿಕ್ಕೈತ್ರಿ ಟೀಚರ್,” ಎಂದು ಹೆಮ್ಮೆಯಿಂದ ಹೇಳಿದಳಂತೆ. ನಂದು ಅನ್ನಲು ಇವಳಿಗೆ ಬಾಯೇ ಬರಲಿಲ್ಲ. ಇಡೀ ಮಳೆಗಾಲ ನೆನೆದುಕೊಂಡು ಓಡಾಡಿದಳು. ಆ ಟಪಾಲನ್ನು ನಾನು ಎಷ್ಟು ಸಲ ಓದಿದ್ದೇನೋ. ನನ್ನ ಇಡೀ ವಾರ ಹಸಿರು ಕಾಣುತ್ತಿದ್ದದ್ದು ಅವಳ ಟಪಾಲಿನಲ್ಲಿ ಮಾತ್ರ.

ಐದನೆಯ ವರ್ಷ ನನಗೆ ಕೆಮ್ಮು ಹತ್ತಿತು. ಸಾಧಾರಣ ಕೆಮ್ಮಲ್ಲ. ಕರವಸ್ತ್ರಕ್ಕೆ ಉಗುಳಿದರೆ ಇಟ್ಟಿಗೆಯ ಬಣ್ಣ. ತರಗತಿಯಲ್ಲಿ ಮಗ್ಗಿ ಹೇಳಿಸುವಾಗ ಏಳರ ಮಗ್ಗಿ ಮುಗಿಯುವುದರೊಳಗೆ ಎರಡು ಸಲ ನಿಲ್ಲಿಸಬೇಕಾಗುತ್ತಿತ್ತು. ವೈದ್ಯರು, “ಊರು ಬಿಡ್ರಿ, ಇಲ್ಲಾ ದಾರಿ ಬಿಡ್ರಿ,” ಎಂದರು. ಇದರಲ್ಲಿ ನಗಿಸುವಂಥದ್ದು ಏನೂ ಸಿಗಲಿಲ್ಲ. ಆದ್ದರಿಂದ ಟಪಾಲಿನಲ್ಲಿ ಬರೆಯಲಿಲ್ಲ.

ಅದೇ ಹೊತ್ತಿಗೆ ಸಿರುಗುಪ್ಪದವಳ ಗಂಡನಿಗೆ ಬಳ್ಳಾರಿಗೆ ವರ್ಗವಾಯಿತು. ನಮ್ಮ ಇಲಾಖೆಯಲ್ಲಿ ಪರಸ್ಪರ ವರ್ಗಾವಣೆ ಎಂಬುದೊಂದಿದೆ. ಇಬ್ಬರು ಶಿಕ್ಷಕರು ಒಪ್ಪಿ ಸಹಿ ಮಾಡಿದರೆ ಒಬ್ಬರ ಜಾಗಕ್ಕೆ ಇನ್ನೊಬ್ಬರು. ಕೇಳಿದವಳು ಅವಳೇ. “ನೀ ಹಚ್ಚೊಳ್ಳಿಗೆ ಬಾ, ನಾ ಕುರುಗೋಡಿಗೆ ಹೋಗ್ತೀನಿ. ಇಬ್ಬರೂ ಗಂಡನ ಮನಿಯಾಗ ಉಣ್ಣೋಣ. ನಿನ್ನ ಆ ಬಸ್ಸು ಹತ್ತಬೇಕಂತ ನನಗೂ ಭಾಳ ದಿನದ ಆಸಿ ಐತಿ,” ಎಂದು ಬರೆದಿದ್ದಳು. ಗೂಡಿನೊಳಗೆ ಕೂತು ಅದನ್ನು ಎರಡೆರಡು ಸಲ ಓದಿದೆ. ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಬಳೆ ಅಂಗಡಿಯವಳು ಆಗ ರಂಜಾನಿಗೆ ತವರಿಗೆ ಬಂದಿದ್ದಳು. ನಮ್ಮ ಮನೆಗೆ ಬಂದು ಕೂತವಳೇ ಕೇಳಿದಳು:

“ಅಕ್ಕಾ, ಆಕಿ ಉಬ್ಬಸ ನೆನಪೈತೇನು ನಿಂಗ?”

“ಅದು ಹೋಗಿ ಯಾವ ಕಾಲ ಆತು. ಆಕೀನ ಬರದಿದ್ದಳಲ್ಲ.”

“ನಿನ್ನ ಕೆಮ್ಮು ನೋಡಾಕತ್ತೀನಿ ನಾನು. ಆಕಿಗೆ ಹೇಳಿಯೇನು?”

“ಹೇಳ್ತೀನಿ,” ಅಂದೆ.

ಆ ವಾರ ಹೇಳಬೇಕೆಂದು ಕೂತೆ ಕೂಡ. ಧೂಳು, ಹೊಗೆ, ಕರವಸ್ತ್ರ, ಎಲ್ಲವನ್ನೂ ಒತ್ತಿದೆ. ನಿನ್ನಂಥವಳು ಈ ದಾರಿಗೆ ಬರಬಾರದು ಎಂಬ ಸಾಲಿಗೆ ಬಂದಾಗ ನಿಂತೆ. ಅವಳು ಬರದಿದ್ದರೆ ನನ್ನನ್ನು ಅಲ್ಲಿಂದ ಬಿಡಿಸುವವರು ಇನ್ನು ಯಾರು? ಎಲ್ಲವನ್ನೂ ಅಳಿಸಿದೆ. ಆ ಜಾಗದಲ್ಲಿ ಬಸ್ಸಿನಲ್ಲಿ ಕೋಳಿಯೊಂದು ತಪ್ಪಿಸಿಕೊಂಡು ಡ್ರೈವರನ ಹೆಗಲೇರಿದ ಸುದ್ದಿ ಬರೆದೆ. ನಡೆದದ್ದೇ ಅದು, ಕಟ್ಟಿದ ಕತೆಯಲ್ಲ.

ಸಹಿ ಹಾಕಲು ಅವಳು ಬಳ್ಳಾರಿಗೆ ಬಂದಳು. ಕಚೇರಿ ಕೆಲಸ ಮುಗಿಯುವ ಮೊದಲು ಹೋಟೆಲಿಗೆ ಹೋಗಿ ಮಂಡಕ್ಕಿ ವಗ್ಗಾಣಿ, ಮಿರ್ಚಿ ಬಜ್ಜಿ ತಗೊಂಡೆವು. ಅವಳು ದುಂಡಗಾಗಿದ್ದಳು, ಮುಖದಲ್ಲಿ ಕಳೆಯಿತ್ತು. ನಾನು ಅವಳೆದುರು ಒಣಗಿದ ಹಾಗೆ ಕಾಣುತ್ತಿದ್ದೆನೇನೋ. ಅರ್ಧ ತಿಂದ ಮಿರ್ಚಿಯನ್ನು ತಟ್ಟೆಯಲ್ಲಿಟ್ಟು ಕೇಳಿದಳು:

“ಲೇ, ಖರೇ ಹೇಳು. ದಾರಿ ಹೆಂಗ ಐತಿ?”

“ಬರದೀನಲ್ಲ. ಹಂಗ ಐತಿ,” ಅಂದೆ.

ಅಷ್ಟು ಹೇಳುವುದರೊಳಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಕಣ್ಣಲ್ಲಿ ನೀರು. ಅವಳು ನೀರಿನ ಲೋಟ ಮುಂದೆ ತಳ್ಳಿದಳು. “ಮೆಣಸಿನಕಾಯಿ ಭಾಳ ಖಾರ ಐತಿ,” ಅಂದೆ. ಬಳ್ಳಾರಿಯ ಮಿರ್ಚಿಯ ಮೇಲೆ ಅಂಥ ಅಪವಾದ ಹೊರಿಸಿದವಳು ನಾನೊಬ್ಬಳೇ ಇರಬೇಕು. ಸಹಿಯಾಯಿತು.

ಹಚ್ಚೊಳ್ಳಿಗೆ ಹೋಗಿ ಎರಡು ತಿಂಗಳಿಗೆ ನನ್ನ ಕೆಮ್ಮು ನಿಂತಿತು. ಗದ್ದೆಗಳ ನಡುವೆ ಟ್ರ್ಯಾಕ್ಟರಿನ ಮೇಲೆ ಕುಲುಕುತ್ತಾ ಹೋಗುವಾಗ ಪೂರಾ ಉಸಿರು ಎಳೆದುಕೊಳ್ಳುತ್ತಿದ್ದೆ, ಮರುಗಳಿಗೆ ನಾಚಿಕೆಯಾಗುತ್ತಿತ್ತು. ಒಣಹಾಕಿದ ಬಿಳಿ ಸೀರೆ ಬಿಳಿಯಾಗಿಯೇ ಇರುತ್ತಿತ್ತು. ಅದನ್ನು ಮಡಿಸುವಾಗಲೂ ಅವಳ ನೆನಪಾಗುತ್ತಿತ್ತು.

ಅವಳ ಟಪಾಲುಗಳು ತಪ್ಪದೆ ಬರುತ್ತಿದ್ದವು. ಈಗ ಬಸ್ಸಿನ ಕತೆಗಳೆಲ್ಲ ಅವಳವು. ಲಾರಿಗಳ ಸಾಲಿನಲ್ಲಿ ಬಸ್ಸು ಎಷ್ಟು ಹೊತ್ತು ನಿಂತಿತೆಂದರೆ, ಪಕ್ಕದ ಸೀಟಿನ ಹೆಂಗಸು ಇಳಿದುಹೋಗಿ ಹೊಲದಲ್ಲಿದ್ದ ಅಕ್ಕನನ್ನು ಮಾತಾಡಿಸಿ, ಕಡಲೆ ಗಿಡ ಕಿತ್ತುಕೊಂಡು ಮತ್ತೆ ಅದೇ ಸೀಟಿಗೆ ಬಂದು ಕೂತಳು, ಎಂದು ಬರೆದಿದ್ದಳು. ನಾನು ಬರೆಯುವುದಕ್ಕಿಂತ ಚೆನ್ನಾಗಿಯೇ ಬರೆಯುತ್ತಿದ್ದಳು. ಆಮೇಲೆ ಒಂದು ಟಪಾಲಿನ ಕೊನೆಯಲ್ಲಿ, “ನಿನ್ನ ಸೀನಿನ ಹಾಜರಿಯಾಗ ಈಗ ನಂದ ಮೊದಲನೇ ಹೆಸರು. ಅಜ್ಜ ಎರಡನೆಯವ,” ಎಂದಿತ್ತು. ನಗುವಿನ ಗುರುತೂ ಇತ್ತು. ಬಳೆ ಅಂಗಡಿಯವಳು ಅದಕ್ಕೆ ಉತ್ತರ ಬರೆಯಲಿಲ್ಲ. ನಾನು ಬರೆದೆ, “ನಕ್ಕೂ ನಕ್ಕೂ ಸಾಕಾತು.” ಬರೆದ ಕೈಗೆ ಏನಾದರೂ ಆಗಬೇಕಿತ್ತು.

ಅಂಥ ಟಪಾಲು ಹೇಗೆ ತಯಾರಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎರಡು ವಾರ ಅವಳಿಂದ ಏನೂ ಬರದಿದ್ದಾಗ ತಡೆಯಲಾಗಲಿಲ್ಲ. ಒಂದು ಭಾನುವಾರ ಮೊದಲ ಬಸ್ಸಿಗೆ ಬಳ್ಳಾರಿಗೆ ಹೋದೆ. ಬಾಗಿಲು ತೆರೆದದ್ದು ಅವಳ ಗಂಡ. “ಬರ್ರಿ, ಒಳಗದಾಳ,” ಎಂದಷ್ಟೇ ಹೇಳಿ ಹಾಲು ತರಲು ಹೋದರು. ಅವಳು ಮಂಚದ ಮೇಲೆ ತೊಡೆಗೆ ದಿಂಬು ಕೊಟ್ಟುಕೊಂಡು, ಮೊಣಕೈ ಊರಿ, ಮುಂದಕ್ಕೆ ಬಾಗಿ ಕೂತಿದ್ದಳು. ಕಿಟಕಿಯಲ್ಲಿ ನೀಲಿ ಬಣ್ಣದ ಉಸಿರಿನ ಪಂಪು.

ನಾನು ಏನೂ ಕೇಳದೆ ಹಿಂದೆ ಕೂತು ಬೆನ್ನು ತಿಕ್ಕತೊಡಗಿದೆ. ಕೈಗೆ ಅವಳ ಬೆನ್ನಿನ ಮೂಳೆಗಳು ಸಿಗುತ್ತಿದ್ದವು. ಬಹಳ ಹೊತ್ತಿನ ಮೇಲೆ, ಎರಡು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಾ ಅವಳು ಹೇಳಿದಳು:

“ನೀ ಬರದಿದ್ದೆಲ್ಲಾ ಖರೇನ ಐತಿ ನೋಡು. ಬಿಳಿ ಸೀರಿ, ಸೀನು, ಎಲ್ಲಾ ಹಂಗ ಐತಿ.”

ಅವಳ ಹೆಗಲಿಂದ ಜಾರಿದ ಸೆರಗನ್ನು ಮೇಲಕ್ಕೆ ಎಳೆದೆ.

“ಆವತ್ತು ಹೋಟೆಲಿನಾಗ ಕೆಮ್ಮಿದ್ದು ಮೆಣಸಿನಕಾಯಿಗಲ್ಲ. ಹೌದಲ್ಲ?”

“ಅಳೋ ಟಪಾಲಿಗೆ ಉತ್ತರ ಇಲ್ಲ ಅಂದಿದ್ದಿ ನೀನು,” ಅಂದೆ. ಅದಕ್ಕಿಂತ ಹೀನವಾದ ಮಾತನ್ನು ನಾನು ನನ್ನ ಜನ್ಮದಲ್ಲಿ ಆಡಿಲ್ಲ.

ಅವಳು ತಿರುಗಿ ನೋಡಲಿಲ್ಲ. “ಹೌದು, ನಾನ ಅಂದಿದ್ದೆ,” ಅಂದಳು. ನಾನು ತಿಕ್ಕುವುದನ್ನು ನಿಲ್ಲಿಸಲಿಲ್ಲ, ಅವಳು ಸಾಕು ಅನ್ನಲಿಲ್ಲ. ಮತ್ತೆ ಅದಲು ಬದಲು ಮಾಡಿಕೊಳ್ಳೋಣ ಎಂದೆ. ಅವಳು ಕಚೇರಿಯಲ್ಲಿ ಆಗಲೇ ಕೇಳಿದ್ದಳು. ಒಮ್ಮೆ ಬದಲಾದವರು ಇನ್ನು ಕೆಲವು ವರ್ಷ ಕೇಳುವಂತಿಲ್ಲವಂತೆ. ಸೋಮವಾರ ಅವಳು ಪಂಪನ್ನು ಚೀಲಕ್ಕೆ ಹಾಕಿಕೊಂಡು ಅದೇ ಬಸ್ಸು ಹತ್ತಿದಳು.

ಆಮೇಲೂ ಟಪಾಲು ಬರುತ್ತಿತ್ತು, ತಿಂಗಳಿಗೊಂದು, ಎರಡು ತಿಂಗಳಿಗೊಂದು. ಮೊದಲಿನಂತೆಯೇ ನಗಿಸುತ್ತಿದ್ದಳು. ನನಗೆ ಮಾತ್ರ ಆ ಟಪಾಲುಗಳನ್ನು ಓದುವುದೇ ಒಂದು ದುಡಿಮೆಯಾಯಿತು. ಪ್ರತಿ ಸಾಲಿನಲ್ಲೂ ಅವಳು ಎಲ್ಲಿ ನಿಂತು ಉಸಿರು ತೆಗೆದುಕೊಂಡಿರಬಹುದು ಎಂದು ಹುಡುಕುತ್ತಿದ್ದೆ.

ಕೊನೆಗೊಂದು ದಿನ ಗಣಿಗಳಿಗೆ ಕೋರ್ಟು ತಡೆ ಹಾಕಿ ಅದಿರು ಸಾಗಣೆ ನಿಂತಿತು. ಲಾರಿಗಳು ಊರಾಚೆಯ ಬಯಲುಗಳಲ್ಲಿ ಸಾಲಾಗಿ ನಿಂತವು. ಆ ವಾರ ಅವಳು ಬರೆದಳು: “ದಾರಿ ಖಾಲಿ ಐತಿ. ಬಸ್ಸು ಮುಕ್ಕಾಲು ತಾಸಿಗೆ ಮುಟ್ಟಿತು. ಡಾಕ್ಟರು ಪಂಪು ಇನ್ನ ಬಿಡಂಗಿಲ್ಲ ಅಂದಾರ. ಬರಿಯಾಕ ಮತ್ತೇನೂ ಇಲ್ಲ.”

ಸಿರುಗುಪ್ಪದ ಸೆಂಟರಿನಲ್ಲಿ ಕೂತು ಅದನ್ನು ಓದಿದೆ. ಅಂದು ಅಳಿಸಿದ್ದನ್ನೆಲ್ಲ ಮತ್ತೆ ಒತ್ತಿದೆ. ಕೆಮ್ಮು, ಕರವಸ್ತ್ರದ ಬಣ್ಣ, ಬಳೆ ಅಂಗಡಿಯವಳು ಎಚ್ಚರಿಸಿದ್ದು, ಹೇಳುತ್ತೇನೆ ಅಂದದ್ದು, ಕೋಳಿ ಕತೆ ಬರೆದದ್ದು. ನನಗೆ ಗೊತ್ತಿತ್ತು, ಗೊತ್ತಿದ್ದೇ ನಿನ್ನನ್ನು ಆ ಬಸ್ಸಿಗೆ ಹತ್ತಿಸಿದೆ ಎಂದೂ ಬರೆದೆ. ಈ ಸಲ ಅಳಿಸಲಿಲ್ಲ, ಕಳಿಸಿದೆ.

ಮುಂದಿನ ಭಾನುವಾರ ಉತ್ತರ ಬಂದಿತ್ತು. “ಅಳೋ ಟಪಾಲಿಗೆ ಉತ್ತರ ಇಲ್ಲ,” ಎಂದಷ್ಟೇ ಇತ್ತು. ನಗುವಿನ ಗುರುತು ಎಲ್ಲಾದರೂ ಕೆಳಗೆ ಹೋಗಿರಬಹುದೆಂದು ಪುಟವನ್ನು ಕೊನೆಯವರೆಗೂ ಸರಿಸಿ ನೋಡಿದೆ. ಇರಲಿಲ್ಲ.